ಮಗಳಿಗೊಂದು ಪತ್ರ: ಗಂಟಲು ನೋಡಿ ತುತ್ತು ಕೊಡು

ಚಿನ್ನಾ,

ಸೋಮವಾರದಿಂದ ತುಮಕೂರಿನ ವೃದ್ಧಾಶ್ರಮದಲ್ಲಿ ನಿನಗೆ ಕೆಲಸ. ಮೊದಲು ಊಟದ ಮಾತು ಹೇಳ್ತೀನಿ. ನಮ್ಮ ಕಡೆಯವರು ಮುದ್ದೆ ಅಗಿಯಲ್ಲ, ನುಂಗ್ತಾರೆ. ಲಕ್ವ ಹೊಡೆದವರಿಗೆ ನುಂಗುವ ಶಕ್ತಿಯೇ ಸೋತಿರುತ್ತೆ; ಅಂಟುವ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. "ಎರಡೇ ತುತ್ತು ಕೊಡವ್ವ" ಅಂತ ಕೈ ಹಿಡಿದು ಕೇಳಿದಾಗ ಕರುಳು ಚುರುಕ್ ಅನ್ನುತ್ತೆ. ಆದರೂ ಡಾಕ್ಟರು ಒಪ್ಪುವ ತನಕ ಬೇಡ. ಅದೇ ರಾಗಿ ಹಿಟ್ಟಲ್ಲಿ ಗಂಟಿಲ್ಲದ ಹಾಗೆ, ಮಕ್ಕಳಿಗೆ ಮಾಡುವಂಥ ರಾಗಿ ಸರಿ ಕಾಯಿಸಿ ಕೊಡು, ರುಚಿಯಾದರೂ ಸಿಗಲಿ. ನೀರು, ತೆಳು ಮಜ್ಜಿಗೆ ಸುಲಭ ಅಂದುಕೊಳ್ಳಬೇಡ. ತೆಳ್ಳಗಿರೋದೇ ಬೇಗ ಜಾರಿ ಶ್ವಾಸನಾಳಕ್ಕೆ ಹೋಗೋದು. ಎಷ್ಟು ಗಟ್ಟಿ ಇರಬೇಕು ಅಂತ ಕೇಳಿಕೊ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಬಗ್ಗಿಸಿ, ಟೀ ಚಮಚದಲ್ಲಿ ತಿನ್ನಿಸು. ಸೋತ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತೆ, ಬಾಯಿ ತೆರೆಸಿ ನೋಡು. ಊಟವಾದ ಅರ್ಧ ಗಂಟೆ ಮಲಗಿಸಬಾರದು. ಕೆಮ್ಮು ಬರದಿದ್ದರೂ ದನಿ ಗುಳುಗುಳು ಅಂದರೆ ತಿನ್ನಿಸೋದು ನಿಲ್ಲಿಸಿ ನರ್ಸನ್ನು ಕರಿ.

ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬಿಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸೊಂಟದ ಮೂಳೆ ಮೇಲೆ ಭಾರ ಬೀಳಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಮಾಡು. ಎಳೆದು ಸರಿಸಿದರೆ ತೆಳು ಚರ್ಮ ಕಿತ್ತು ಬರುತ್ತೆ. ಇಬ್ಬರು ಸೇರಿ ಬೆಡ್‌ಶೀಟ್ ಸಮೇತ ಎತ್ತಿ. ಬೆರಳಿಂದ ಒತ್ತಿ ಬಿಟ್ಟರೂ ಕೆಂಪು ಮಾಸದಿದ್ದರೆ ಹುಣ್ಣು ಶುರು ಅಂತ ತಿಳಿ. ಕಪ್ಪು ಮೈಯಲ್ಲಿ ಕೆಂಪು ಕಾಣಲ್ಲ, ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಕೈಯಿಟ್ಟು ನೋಡು. ಅಲ್ಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಡ, ಒಳಗಿನ ಮಾಂಸ ಇನ್ನಷ್ಟು ನಜ್ಜಾಗುತ್ತೆ.

ಪಾವಗಡದ ಕಡೆಯಿಂದ ಬಂದವರಲ್ಲಿ ಕೆಲವರ ಕತ್ತು, ಬೆನ್ನು, ಭುಜ ಕೊರಡಿನಂತೆ ಬಿಗಿದಿರುತ್ತೆ. ಬೋರ್‌ವೆಲ್ ನೀರಿನ ಫ್ಲೋರೈಡ್ ವರ್ಷಗಟ್ಟಲೆ ಮೂಳೆಗೆ ಸೇರಿದ್ದರ ಫಲ ಅದು. ಅವರ ತೋಳನ್ನು ಬಲವಂತವಾಗಿ ಎತ್ತಬೇಡ. ಬಟ್ಟೆ ಹಾಕುವಾಗ ನೋವಿರುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮುಂದೆ ಗುಂಡಿ ಇರುವ ಅಂಗಿಯೇ ವಾಸಿ.

ನಿನ್ನೆ ಚೆನ್ನಾಗಿ ಮಾತಾಡಿದವರು ಇವತ್ತು ಏನೇನೋ ಬಡಬಡಿಸಿದರೆ "ವಯಸ್ಸಾಯ್ತು, ಅರಳುಮರಳು" ಅಂತ ಸುತ್ತಲಿನವರು ಸುಮ್ಮನಾಗ್ತಾರೆ. ನೀನು ಸುಮ್ಮನಾಗಬೇಡ. ಅರಳುಮರಳು ರಾತ್ರೋರಾತ್ರಿ ಬರಲ್ಲ. ಮೂತ್ರದ ಸೋಂಕು, ನೀರು ಸಾಲದಿರೋದು, ಮಲ ಕಟ್ಟಿರೋದು, ಸಕ್ಕರೆ ಇಳಿದಿರೋದು, ಇವುಗಳಲ್ಲಿ ಯಾವುದೋ ಒಂದಿರಬಹುದು. ಎಷ್ಟು ಹೊತ್ತಿಗೆ ಶುರುವಾಯ್ತು, ಮೂತ್ರ ಯಾವಾಗ ಹೋದರು, ಎಷ್ಟು ಕುಡಿದರು ಅಂತ ಬರೆದು ತಕ್ಷಣ ನರ್ಸಿಗೆ ತೋರಿಸು.

ಮಲಗಿದವರನ್ನು ದಿಢೀರನೆ ನಿಲ್ಲಿಸಬೇಡ, ಬಿ.ಪಿ. ಇಳಿದು ತಲೆ ಸುತ್ತುತ್ತೆ. ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರಿಸು. ವೀಲ್‌ಚೇರಿನ ಎರಡೂ ಬ್ರೇಕ್ ಹಾಕಿರಲಿ. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಮಂಡಿ ಬಗ್ಗಲಿ, ಸೊಂಟ ಬಗ್ಗದಿರಲಿ. ಭಾರದವರಾದರೆ ಇನ್ನೊಬ್ಬರು ಬರುವ ತನಕ ಕಾಯಿ, ಯಾರು ಬೈದರೂ ಸರಿಯೇ.

ನಿನ್ನ ಅಮ್ಮ