ಹೊರದೇಶದಲ್ಲಿ ಇಂಗ್ಲಿಷ್ ಕಲಿಸಹೋಗುವವರಿಗೆ ತರಗತಿಯ ತಯಾರಿಯೂ ಬೇಕು

ಮಾನ್ಯ ಸಂಪಾದಕರೆ,

ಇಂಗ್ಲಿಷ್ ಪದವಿ ಮುಗಿಸಿದ ಅನೇಕ ತರುಣ ತರುಣಿಯರು ಹೊರದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಅವರಿಗೆ ಸಿಗುವ ಸಲಹೆಯೆಲ್ಲ ವೀಸಾ, ಸಂಬಳ, ವಸತಿ, ಪ್ರಮಾಣಪತ್ರಗಳ ಸುತ್ತಲೇ ಇರುತ್ತದೆ. ಆದರೆ ಅಲ್ಲಿಗೆ ಹೋದ ಮೇಲೆ ಅವರ ನೆಮ್ಮದಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಒಂದೇ ಸಂಗತಿ: ಮಾತು ಕೇಳದ ತರಗತಿ. ಹೊರದೇಶದ ಶಾಲೆಯೊಂದರಲ್ಲಿ ಹದಿಹರೆಯದ ಮಕ್ಕಳಿಗೆ ಕೆಲವು ವರ್ಷ ಇಂಗ್ಲಿಷ್ ಕಲಿಸಿದವಳಾಗಿ, ಈ ವಿಷಯವನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಬಯಸುತ್ತೇನೆ.

ಹೊಸ ದೇಶದಲ್ಲಿ ನೆಲೆಯೂರುವುದು ಮತ್ತು ತರಗತಿಯನ್ನು ಹಿಡಿತಕ್ಕೆ ತರುವುದು ಎರಡು ಬೇರೆ ಸಮಸ್ಯೆಗಳೆಂದು ಹೊರಡುವ ಮುನ್ನ ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೊದಲ ತಿಂಗಳುಗಳಲ್ಲಿ ಬ್ಯಾಂಕ್ ಖಾತೆ ತೆರೆಯಲು, ಬಾಡಿಗೆ ಕರಾರು ಓದಲು, ವೈದ್ಯರಿಗೆ ನೋವು ಎಲ್ಲಿದೆಯೆಂದು ತಿಳಿಸಲು ಕೂಡ ಇನ್ನೊಬ್ಬರ ಸಹಾಯ ಬೇಕು. ತನ್ನೂರಿನಲ್ಲಿ ಚೆನ್ನಾಗಿ ಮಾತನಾಡಿಕೊಂಡು ಬೆಳೆದವರಿಗೆ ಈ ಪರಾವಲಂಬನೆ ಬಹಳ ಚುಚ್ಚುತ್ತದೆ. ಇಂಥ ಹೊತ್ತಿನಲ್ಲಿ ಕನಿಷ್ಠಪಕ್ಷ ತನ್ನ ವಿದ್ಯೆಯ ಜಾಗವಾದ ತರಗತಿಯಲ್ಲಾದರೂ ಗೌರವ ಸಿಗುತ್ತದೆಂದು ಶಿಕ್ಷಕರು ನಿರೀಕ್ಷಿಸಿರುತ್ತಾರೆ. ಅಲ್ಲಿಯೂ ಮಕ್ಕಳು ಬೆನ್ನು ತಿರುಗಿಸಿ ಹರಟುತ್ತ, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ನಗುತ್ತ ಕುಳಿತರೆ, ಕಾಲೂರಲು ಎಲ್ಲಿಯೂ ಜಾಗವಿಲ್ಲವೆಂಬ ಭಾವನೆ ಬಲಿಯುತ್ತದೆ.

ಹೊರದೇಶಕ್ಕೆ ಹೋದವರ ಈ ತಳಮಳದ ಬಗ್ಗೆ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ಪ್ರಕಟಿಸಿದ ಬರಹದಲ್ಲಿ ಆರಂಭದ ಬೆರಗು, ನಂತರದ ಸಂಕಟ, ನಿಧಾನದ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂಬ ಹಂತಗಳನ್ನು ಗುರುತಿಸಿದ್ದರು. ಸಂಕಟದ ಹಂತದಲ್ಲಿರುವವರು ಆತಿಥೇಯ ದೇಶದ ಜನರನ್ನೆಲ್ಲ ಒಟ್ಟಾಗಿ ದೂರತೊಡಗುತ್ತಾರೆ ಎಂದೂ ಅವರು ಹೇಳಿದ್ದರು. ಶಿಕ್ಷಕರ ವಿಷಯದಲ್ಲಿ ಇದು ಹೆಚ್ಚು ಅಪಾಯಕಾರಿ. ಬೇರೆ ಉದ್ಯೋಗಿಗಳು ತಮ್ಮ ಬೇಸರವನ್ನು ಮನೆಯಲ್ಲಿಟ್ಟು ಕಚೇರಿಗೆ ಹೋಗಬಹುದು. ಶಿಕ್ಷಕರು ಮಾತ್ರ ಯಾರ ಬಗ್ಗೆ ಬೇಸರವಿದೆಯೋ ಅವರ ಮಕ್ಕಳ ಮುಂದೆಯೇ ನಿಲ್ಲಬೇಕಾಗುತ್ತದೆ. "ಈ ದೇಶದ ಮಕ್ಕಳೇ ಹೀಗೆ" ಎಂಬ ತೀರ್ಮಾನಕ್ಕೆ ಬಂದ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಆ ತೀರ್ಮಾನಕ್ಕೆ ಬಂದ ದಿನದಿಂದ ಅವರ ತರಗತಿಗಳು ಇನ್ನಷ್ಟು ಹದಗೆಟ್ಟವು, ಏಕೆಂದರೆ ಶಿಕ್ಷಕರ ಮುಖದಲ್ಲಿನ ತಿರಸ್ಕಾರವನ್ನು ಓದಲು ಮಕ್ಕಳಿಗೆ ಯಾವ ಭಾಷೆಯೂ ಬೇಕಾಗುವುದಿಲ್ಲ.

ಮಕ್ಕಳ ಗಲಾಟೆಗೆ ಕಾರಣಗಳು ದೇಶದ ಸ್ವಭಾವದಲ್ಲಿಲ್ಲ, ತರಗತಿಯ ಸ್ಥಿತಿಯಲ್ಲಿವೆ. ಹೇಳಿದ್ದು ಅರ್ಥವಾಗದಿದ್ದಾಗ ಸುಮ್ಮನೆ ಕುಳಿತು ಪೆದ್ದನಂತೆ ಕಾಣುವುದು, ಇಲ್ಲವೇ ತುಂಟಾಟ ಮಾಡಿ ಗೆಳೆಯರನ್ನು ನಗಿಸುವುದು, ಇವೆರಡರಲ್ಲಿ ಹದಿಮೂರು ವರ್ಷದ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಊಹಿಸುವುದು ಕಷ್ಟವಲ್ಲ. ಗಣಿತದಲ್ಲಿ ಚುರುಕಾಗಿರುವ ಹುಡುಗಿಯೂ ಇಂಗ್ಲಿಷ್ ಪಾಠದಲ್ಲಿ ಎರಡು ಪದ ಜೋಡಿಸಲಾಗದೆ ಎಲ್ಲರೆದುರು ಕುಗ್ಗುತ್ತಾಳೆ. ಇದರ ಜೊತೆಗೆ ಅನೇಕ ಶಾಲೆಗಳಲ್ಲಿ ವಿದೇಶಿ ಶಿಕ್ಷಕರ ಪಾಠಕ್ಕೆ ಅಂಕಗಳಿರುವುದಿಲ್ಲ, ಪೋಷಕರ ಜೊತೆ ಮಾತನಾಡುವ ಭಾಷೆ ಆ ಶಿಕ್ಷಕರಿಗೆ ಬರುವುದಿಲ್ಲ, ಒಂದೆರಡು ವರ್ಷದಲ್ಲಿ ಅವರು ಹೊರಟುಹೋಗುತ್ತಾರೆಂಬುದೂ ಮಕ್ಕಳಿಗೆ ಗೊತ್ತಿರುತ್ತದೆ. ಮೇಲಿಂದ ಮೇಲೆ ಬದಲಾಗುವ ಶಿಕ್ಷಕರನ್ನು ಕಂಡ ಮಕ್ಕಳು ಹೊಸಬರನ್ನು ಪರೀಕ್ಷಿಸಿಯೇ ತೀರುತ್ತಾರೆ.

ಹೀಗೆ ಪರೀಕ್ಷೆಗೆ ಸಿಕ್ಕಿದವರು ಸಾಮಾನ್ಯವಾಗಿ ದನಿ ಏರಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಸಿಟ್ಟು ಬಂದಾಗ ಮಾತಿನ ವೇಗ ಹೆಚ್ಚುತ್ತದೆ, ವಾಕ್ಯಗಳು ಉದ್ದವಾಗುತ್ತವೆ, ಮೊದಲೇ ಅರ್ಥವಾಗದ ಭಾಷೆ ಇನ್ನೂ ದೂರ ಸರಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ಒಮ್ಮೆ ತಮ್ಮ ಪಾಠದ ನಡುವೆ ಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗದರಿಸಿದಾಗ, ಅದರ ಪರಿಣಾಮ ಗದರಿಸಿಕೊಳ್ಳದ ಉಳಿದವರ ಮೇಲೂ ಆದುದನ್ನು ಕಂಡು ಈ ವಿಷಯದ ಅಧ್ಯಯನಕ್ಕೆ ತೊಡಗಿದರು. ಹಲವು ವರ್ಷ ತರಗತಿಗಳನ್ನು ಗಮನಿಸಿ 1970ರಲ್ಲಿ ಅವರು ಪ್ರಕಟಿಸಿದ ನಿಷ್ಕರ್ಷೆ ಅವರೇ ನಿರೀಕ್ಷಿಸಿದಂತಿರಲಿಲ್ಲ. ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದರಲ್ಲಿ ಸಮರ್ಥರಿಗೂ ಅಸಮರ್ಥರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ತಪ್ಪು ನಡೆಯುವ ಮೊದಲು ಅವರು ಮಾಡುತ್ತಿದ್ದ ಕೆಲಸದಲ್ಲಿ: ಕೋಣೆಯ ಎಲ್ಲ ಮೂಲೆಗಳ ಮೇಲೆ ಕಣ್ಣಿಟ್ಟಿರುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡವರಿಸದೆ ದಾಟುವುದು, ಯಾರೂ ಕೆಲಸವಿಲ್ಲದೆ ಕೂರದಂತೆ ನೋಡಿಕೊಳ್ಳುವುದು.

ಭಾಷೆ ಗೊತ್ತಿಲ್ಲದ ದೇಶದಲ್ಲಿ ಕಲಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ನನಗೆ ಸಿಕ್ಕಿಲ್ಲ. ಮಕ್ಕಳು ಒಳಬರುವ ಹೊತ್ತಿಗೆ ಹಲಗೆಯ ಮೇಲೆ ಮಾಡಬೇಕಾದ ಸಣ್ಣ ಕೆಲಸವೊಂದು ಬರೆದಿರಬೇಕು, ಅದು ಪ್ರತಿದಿನವೂ ಒಂದೇ ಜಾಗದಲ್ಲಿರಬೇಕು. ಸೂಚನೆಯನ್ನು ನಾಲ್ಕೈದು ಪದಗಳಲ್ಲಿ ಹೇಳಿ, ತಾವೇ ಮಾಡಿ ತೋರಿಸಿ, ಆಮೇಲೆ ಹಾಳೆ ಹಂಚಬೇಕು. ಮೊದಲು ಹಾಳೆ ಹಂಚಿದರೆ ಸೂಚನೆ ಯಾರ ಕಿವಿಗೂ ಬೀಳುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್ ರೋ ಎಂಬ ಸಂಶೋಧಕಿ ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಗಮನಿಸಿದಂತೆ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು, ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಹೆಚ್ಚು ಮಕ್ಕಳು ಬಾಯಿ ತೆರೆದರು. ತಮ್ಮದೇ ಭಾಷೆಯಲ್ಲಿ ಯೋಚಿಸುವ ಮಕ್ಕಳಿಗೇ ಅಷ್ಟು ಸಮಯ ಬೇಕಿದ್ದರೆ, ಪರಭಾಷೆಯಲ್ಲಿ ಉತ್ತರ ಕಟ್ಟುವವರಿಗೆ ಅದಕ್ಕಿಂತ ಹೆಚ್ಚು ಬೇಕೇ ಬೇಕು. ಎಲ್ಲಕ್ಕಿಂತ ಮೊದಲು ಮಕ್ಕಳ ಹೆಸರುಗಳನ್ನು ಸರಿಯಾದ ಉಚ್ಚಾರಣೆಯೊಂದಿಗೆ ಕಲಿಯಬೇಕು. "ಹೇ, ಹಿಂದಿನ ಬೆಂಚಿನವನೇ" ಎಂದು ಕರೆಸಿಕೊಂಡ ಮಗುವಿಗೆ ಆ ತರಗತಿಯಲ್ಲಿ ಕಾಪಾಡಿಕೊಳ್ಳಬೇಕಾದ ಮರ್ಯಾದೆಯೇನೂ ಇರುವುದಿಲ್ಲ.

ಅಲ್ಲಿನ ಭಾಷೆಯನ್ನು ಕಲಿಯುವ ಬಗ್ಗೆ ನನ್ನ ಅಭಿಪ್ರಾಯ ಅನೇಕ ಶಾಲೆಗಳ ಆಡಳಿತಕ್ಕೆ ಒಪ್ಪಿಗೆಯಾಗುವುದಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಪದ ಆಡಬಾರದೆಂದು ವಿದೇಶಿ ಶಿಕ್ಷಕರಿಗೆ ಕಟ್ಟುನಿಟ್ಟಾಗಿ ಹೇಳಲಾಗುತ್ತದೆ. ಈ ನಿಯಮ ತಪ್ಪು ಎಂದೇ ನಾನು ಭಾವಿಸುತ್ತೇನೆ. ತೆರೆಯಿರಿ, ಕೇಳಿ, ಇನ್ನೊಮ್ಮೆ, ಚೆನ್ನಾಗಿದೆ, ಸಾಕು ಎಂಬಷ್ಟನ್ನು ಅವರ ಭಾಷೆಯಲ್ಲಿ ಹೇಳಬಲ್ಲ ಶಿಕ್ಷಕರು ಮಕ್ಕಳ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತಾರೆ. ಶಿಕ್ಷಕರ ಉಚ್ಚಾರಣೆಯನ್ನು ಮಕ್ಕಳು ತಿದ್ದುವಾಗ ತಪ್ಪು ಮಾಡುತ್ತ ಕಲಿಯುವುದು ನಾಚಿಕೆಯಲ್ಲವೆಂಬುದು ಅವರಿಗೂ ಮನವರಿಕೆಯಾಗುತ್ತದೆ, ಹೀಗೆ ತಿದ್ದಿದವರು ತಾವೂ ಇಂಗ್ಲಿಷಿನಲ್ಲಿ ಬಾಯಿ ಬಿಡಲು ಸಿದ್ಧರಾಗುತ್ತಾರೆ. ಅದೇ ಪದಗಳು ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರೊಡನೆ ಬಳಕೆಗೆ ಬರುತ್ತವೆ. ನನಗೆ ಆ ಊರು ನನ್ನದೆನ್ನಿಸಲು ಆರಂಭವಾದುದು ರಸ್ತೆಯಲ್ಲಿ ಎದುರಾದ ವಿದ್ಯಾರ್ಥಿಗಳು ತಾವಾಗಿಯೇ ನಿಂತು ತಮ್ಮ ಮನೆಯವರಿಗೆ ನನ್ನನ್ನು ಪರಿಚಯಿಸತೊಡಗಿದಾಗ. ಅವರಲ್ಲಿ ತರಗತಿಯಲ್ಲಿ ಅತಿ ಹೆಚ್ಚು ಕಾಡುತ್ತಿದ್ದವರೇ ಮುಂದಿದ್ದರು.

ಹೊರಡುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳಿವೆ. ಒಂದು ತರಗತಿಯಲ್ಲಿ ಮಕ್ಕಳೆಷ್ಟು, ಸ್ಥಳೀಯ ಸಹಶಿಕ್ಷಕರು ಪಾಠದುದ್ದಕ್ಕೂ ಜೊತೆಗಿರುತ್ತಾರೆಯೇ, ಮಗು ಮಿತಿಮೀರಿದಾಗ ಪೋಷಕರಿಗೆ ತಿಳಿಸುವವರು ಯಾರು, ಶಾಲೆಯ ಶಿಸ್ತಿನ ನಿಯಮ ಬರಹದಲ್ಲಿದೆಯೇ? ಶಿಕ್ಷೆಯ ವಿಷಯದಲ್ಲಂತೂ ಅಲ್ಲಿನ ಕಾನೂನನ್ನು ತಿಳಿದೇ ಹೋಗಬೇಕು. 1979ರಲ್ಲಿ ಸ್ವೀಡನ್ ದೇಶ ಮನೆಯಲ್ಲಿಯೂ ಮಕ್ಕಳ ಮೇಲೆ ಕೈಮಾಡುವುದನ್ನು ನಿಷೇಧಿಸಿತು, ಆಮೇಲೆ ಅನೇಕ ದೇಶಗಳು ಅದೇ ದಾರಿ ಹಿಡಿದಿವೆ. ಪೆಟ್ಟು ತಿಂದೇ ಕಲಿತ ನಮ್ಮ ತಲೆಮಾರಿನವರು ಒಂದು ಕ್ಷಣದ ಸಿಟ್ಟಿನಲ್ಲಿ ಕೈ ಎತ್ತಿದರೆ ಕೆಲಸವೂ ಹೋಗಬಹುದು, ವೀಸಾವೂ ಹೋಗಬಹುದು.

ನಿಯಮಗಳ ಬಗ್ಗೆ ಏಜೆಂಟರು ಪೂರ್ಣ ಸತ್ಯ ಹೇಳುವುದಿಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ಉದಾಹರಣೆಗೆ, ದಕ್ಷಿಣ ಕೊರಿಯಾದ ಭಾಷಾ ಬೋಧಕರ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ನಾಗರಿಕರನ್ನು ಗಮನದಲ್ಲಿಟ್ಟುಕೊಂಡದ್ದು. ಇಂಗ್ಲಿಷ್ ಮಾತೃಭಾಷೆಯಾದವರೇ ಒಳ್ಳೆಯ ಶಿಕ್ಷಕರೆಂಬ ಈ ನಂಬಿಕೆ ನ್ಯಾಯವಾದುದಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆ ಎಲ್ಲಿ ನಾಲಿಗೆ ತೊಡರುತ್ತದೆ, ಎಲ್ಲಿ ವಾಕ್ಯ ತಲೆಕೆಳಗಾಗುತ್ತದೆ ಎಂಬುದು ಸ್ವಾನುಭವದಿಂದ ತಿಳಿದಿರುತ್ತದೆ, ಹಿಂದುಳಿದ ಮಗುವಿನ ಪಕ್ಕ ಕುಳಿತಾಗ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ.

ತರಬೇತಿಯ ಬಗ್ಗೆ ನನ್ನ ಮುಖ್ಯ ಕೋರಿಕೆ ಇದು. ಇಂಗ್ಲಿಷ್ ಬೋಧನೆಗಾಗಿ ಕೇಂಬ್ರಿಜ್ ನೀಡುವ ಸೆಲ್ಟಾ ಪ್ರಮಾಣಪತ್ರದ ಕನಿಷ್ಠ 120 ಗಂಟೆಗಳ ತರಬೇತಿಯಲ್ಲಿ, ನಿಜವಾದ ಕಲಿಕಾರ್ಥಿಗಳ ಮುಂದೆ ಪರಿವೀಕ್ಷಕರ ಸಮ್ಮುಖದಲ್ಲಿ ಆರು ಗಂಟೆ ಪಾಠ ಮಾಡುವುದು ಕಡ್ಡಾಯ. ಆದರೆ ಮನೆಯಲ್ಲೇ ಕುಳಿತು ಪಡೆಯುವ ಎಷ್ಟೋ ಪ್ರಮಾಣಪತ್ರಗಳ ಮೇಲೆ ಅದೇ 120 ಗಂಟೆ ಎಂದು ಅಚ್ಚಾಗಿರುತ್ತದೆ, ಅವನ್ನು ಪಡೆದವರು ಒಬ್ಬ ವಿದ್ಯಾರ್ಥಿಯ ಮುಂದೆಯೂ ನಿಂತಿರುವುದಿಲ್ಲ. ಸೆಲ್ಟಾದಲ್ಲಿಯೂ ಅಭ್ಯಾಸಕ್ಕೆ ಸಿಗುವವರು ಸಾಮಾನ್ಯವಾಗಿ ತಾವಾಗಿಯೇ ಕಲಿಯಲು ಬಂದ ವಯಸ್ಕರು. ಆದ್ದರಿಂದ ಹೊರದೇಶಕ್ಕೆ ಶಿಕ್ಷಕರನ್ನು ಸಿದ್ಧಪಡಿಸುವ ಸಂಸ್ಥೆಗಳು, ಇಂಗ್ಲಿಷ್ ಬಾರದ ಮಕ್ಕಳಿರುವ ಕಿಕ್ಕಿರಿದ ತರಗತಿಯಲ್ಲಿ ಕೆಲವು ವಾರಗಳ ಅಭ್ಯಾಸವನ್ನು, ಅನುಭವಿ ಶಿಕ್ಷಕರು ಹಿಂದೆ ಕುಳಿತು ಗಮನಿಸುವಂತೆ, ಏರ್ಪಡಿಸಬೇಕು. ನೇಮಕ ಮಾಡುವ ಶಾಲೆಯೂ ಏಜೆನ್ಸಿಯೂ ಅದೇ ಹುದ್ದೆಯಲ್ಲಿ ಹಿಂದೆ ಇದ್ದವರೊಡನೆ ಅಭ್ಯರ್ಥಿಗಳು ಮಾತನಾಡಲು ಅವಕಾಶ ಕೊಡಬೇಕು, ಕೊಡದಿದ್ದರೆ ಕರಾರಿಗೆ ಸಹಿ ಹಾಕಬಾರದೆಂದು ಅಭ್ಯರ್ಥಿಗಳಿಗೆ ನನ್ನ ವಿನಂತಿ. ಹೊರದೇಶದಲ್ಲಿ ಕಲಿಸಿ ಬಂದ ಇತರರೂ ತಮ್ಮ ತರಗತಿಗಳ ಬಗ್ಗೆ ಈ ಅಂಕಣಕ್ಕೆ ಬರೆದರೆ, ಈಗ ಹೊರಡಲು ಸಿದ್ಧರಾಗುತ್ತಿರುವವರು ಅದನ್ನು ಓದಿ ನಿರ್ಧಾರ ತೆಗೆದುಕೊಳ್ಳಲು ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಶಿಕ್ಷಕಿ