ಅಡಿಕೆ ಸುಲಿಯುವಲ್ಲೇ ಜಾಗೃತಿ ನಡೆಯಲಿ

ಸಂಪಾದಕರೇ,

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ಕಾಯಿಲೆ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೂ ಮಲೆನಾಡನ್ನು ಕಾಡುತ್ತದೆ. ಹೋದ ವರ್ಷ ನಮ್ಮೂರಿನಲ್ಲಿ ಜಾಗೃತಿ ಸಭೆ ಕರೆದದ್ದು ಮಾರ್ಚ್‌ನಲ್ಲಿ, ಅದೂ ಬೆಳಿಗ್ಗೆ ಹನ್ನೊಂದಕ್ಕೆ. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು ಒಬ್ಬರೂ ಇರಲಿಲ್ಲ. ಖಾಲಿ ಕುರ್ಚಿಗಳೇ ಜಾಸ್ತಿ.

ಈ ಸಲ ನಾವು ಕೆಲವು ಸ್ವಯಂಸೇವಕರು ನವೆಂಬರ್‌ನಲ್ಲೇ ಹೊರಡುತ್ತೇವೆ. ಶಾಮಿಯಾನ, ಮೈಕು ಬೇಡ. ರಾತ್ರಿ ಅಡಿಕೆ ಸುಲಿಯಲು ಹತ್ತಾರು ಜನ ಒಂದೇ ಅಂಗಳದಲ್ಲಿ ಕೂತಿರುತ್ತಾರೆ. ಅಲ್ಲಿಗೇ ಹೋದರಾಯಿತು. ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ, ಅಲ್ವಾ? ಊರಿನ ಆಶಾ ಕಾರ್ಯಕರ್ತೆಯೂ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ. ಸುಮ್ನೆ ಭಾಷಣ ಮಾಡುವ ಬದಲು, ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹೇಗೆ ಹಚ್ಚಬೇಕೆಂದು ಹಚ್ಚಿಯೇ ತೋರಿಸಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸುವುದು, ಇಷ್ಟು ಹೇಳಿದರೆ ಸಾಕು.

ಆರೋಗ್ಯ ಇಲಾಖೆಯವರಲ್ಲಿ ಒಂದೇ ಬೇಡಿಕೆ. ಎಣ್ಣೆಯ ಬಾಟಲಿಗಳನ್ನು ನವೆಂಬರ್ ಒಳಗೇ ಕೊಡಿ. ಮನೆಮನೆಗೆ ಮುಟ್ಟಿಸುವ ಕೆಲಸ ನಮ್ಮದು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು