ಮುಧೋಳ ನಾಯಿಗೆ ಕಪ್ ಕೊಟ್ಟರೆ ಸಾಲದು, ದಾಖಲೆಯೂ ಬೇಕು

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಉತ್ಸವ, ಮೇಳಗಳ ಜೊತೆಗೆ ಶ್ವಾನ ಪ್ರದರ್ಶನಗಳೂ ಶುರುವಾಗುತ್ತವೆ. ಮುಧೋಳ ನಾಯಿಗೆಂದೇ ಪ್ರತ್ಯೇಕ ವಿಭಾಗ, ಕಪ್, ನಗದು ಬಹುಮಾನ, ಮರುದಿನ ಪತ್ರಿಕೆಯಲ್ಲಿ ಫೋಟೊ. ನಮ್ಮ ನೆಲದ ತಳಿಗೆ ಇಷ್ಟು ಮರ್ಯಾದೆ ಸಿಗುವುದು ಸಂತೋಷವೇ. ಆದರೆ ಗೆದ್ದ ನಾಯಿಯ ತಂದೆ ತಾಯಿ ಯಾವುವು, ಅದರ ಮೈಯಲ್ಲಿ ಗುರುತಿನ ಸಂಖ್ಯೆಯ ಮೈಕ್ರೊಚಿಪ್ ಇದೆಯೇ, ಮರಿ ಮಾರುವವರು ನೋಂದಣಿ ಮಾಡಿಸಿದ್ದಾರೆಯೇ ಎಂದು ಕೇಳುವ ಸಂಘಗಳು ಬಲು ಕಡಿಮೆ. ತಳಿ ಸಂಘ ಎಂದು ಹೆಸರಿಟ್ಟುಕೊಂಡ ಮೇಲೆ ಮೊದಲ ಕೆಲಸ ದಾಖಲೆ ಇಡುವುದು. ಪ್ರದರ್ಶನ ಆಮೇಲಿನ ಮಾತು.

ಕಾನೂನು ಹೊಸದೇನಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಅಡಿಯಲ್ಲಿ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಮರಿ ಮಾಡಿಸಿ ಮಾರುವವರೆಲ್ಲರೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಶುಲ್ಕ ₹5,000, ಅವಧಿ ಎರಡು ವರ್ಷ. ಹೆಣ್ಣುನಾಯಿಗೆ 18 ತಿಂಗಳು ತುಂಬದೆ ಗಂಡು ಕೂಡಿಸುವಂತಿಲ್ಲ. ಹನ್ನೆರಡು ತಿಂಗಳಲ್ಲಿ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವ ಮೊದಲು ಚಿಪ್ ಹಾಕಿಸಿ ಲಸಿಕೆಯ ಕಾರ್ಡ್ ಕೊಡಬೇಕು. ಒಂದೇ ಒಂದು ಹೆಣ್ಣುನಾಯಿ ಇಟ್ಟುಕೊಂಡು ವರ್ಷಕ್ಕೊಮ್ಮೆ ಮರಿ ಮಾರುವ ರೈತನೂ ಈ ನಿಯಮದೊಳಗೇ ಬರುತ್ತಾನೆ. ಅವನಿಗೆ ಐದು ಸಾವಿರ ರೂಪಾಯಿ ದೊಡ್ಡ ಮೊತ್ತ, ಅರ್ಜಿ ನಮೂನೆ ತುಂಬುವುದೂ ಸುಲಭವಲ್ಲ. ಸಂಘ ಬೇಕಾಗುವುದು ಇಂಥಲ್ಲಿಯೇ. ಬಹುಮಾನದ ಹಣದಲ್ಲಿ ಒಂದು ಪಾಲು ತೆಗೆದು ಹತ್ತು ಮನೆಗಳ ನೋಂದಣಿ ಮಾಡಿಸಿದರೆ, ಹತ್ತು ಕಪ್ ಹಂಚಿದ್ದಕ್ಕಿಂತ ತಳಿಗೆ ಹೆಚ್ಚು ಲಾಭ.

ಮೈಕ್ರೊಚಿಪ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಅದು ಅಕ್ಕಿಕಾಳಿನಷ್ಟು ದೊಡ್ಡದು, ಉದ್ದ ಸುಮಾರು 12 ಮಿ.ಮೀ. ಅದರಲ್ಲಿ ಬ್ಯಾಟರಿಯಾಗಲಿ ಜಿಪಿಎಸ್ ಆಗಲಿ ಇಲ್ಲ, ಕಳೆದ ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವುದಿಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೇ. ಎರಡು ಭುಜಗಳ ನಡುವೆ ಚರ್ಮದ ಕೆಳಗೆ ದಪ್ಪ ಸೂಜಿಯಿಂದ ಹಾಕುತ್ತಾರೆ. ಹಾಕುವ ಮೊದಲು ಒಮ್ಮೆ ಸ್ಕ್ಯಾನ್ ಮಾಡಬೇಕು, ಏಕೆಂದರೆ ಹಳೆಯ ಚಿಪ್ ಇದ್ದರೆ ಒಂದು ನಾಯಿಗೆ ಎರಡು ಸಂಖ್ಯೆಯಾಗಿ ದಾಖಲೆ ಕೆಡುತ್ತದೆ. ಹಾಕಿದ ಮೇಲೆ ಮತ್ತೊಮ್ಮೆ ಮಾಡಬೇಕು, ಏಕೆಂದರೆ ಕೆಲವೊಮ್ಮೆ ಸೂಜಿಯ ಜೊತೆಗೇ ಚಿಪ್ ಹೊರಬಂದು ಕೂದಲಲ್ಲಿ ಬಿದ್ದುಹೋಗುತ್ತದೆ. ವರ್ಷಗಳು ಕಳೆದಂತೆ ಅದು ಭುಜಕ್ಕೋ ಎದೆಗೋ ಜಾರುವುದೂ ಉಂಟು. ಹಾಗಾಗಿ ಸ್ಕ್ಯಾನರನ್ನು ಕುತ್ತಿಗೆಯಿಂದ ಎರಡೂ ಮೊಣಕೈವರೆಗೆ ನಿಧಾನವಾಗಿ ಆಡಿಸಬೇಕು. ಬೆನ್ನ ಮೇಲೆ ಒಮ್ಮೆ ಹಿಡಿದು "ಚಿಪ್ ಇಲ್ಲ" ಎಂದುಬಿಡಬಾರದು.

ಮರಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಚಿಪ್ ಜೊತೆ ಬರುವ ಸಂಖ್ಯೆಯ ಸ್ಟಿಕ್ಕರ್ ಕಾಗದಕ್ಕೆ ಅಂಟಿಸಿದ ಮಾತ್ರಕ್ಕೆ ಚಿಪ್ ನಾಯಿಯ ಮೈಯಲ್ಲಿದೆ ಎಂದರ್ಥವಲ್ಲ. ಹಣ ಕೊಡುವ ಮೊದಲು ನಿಮ್ಮೆದುರೇ ಸ್ಕ್ಯಾನ್ ಮಾಡಿಸಿ, ಪರದೆಯ 15 ಅಂಕಿಗಳನ್ನೂ ಕಾಗದದ ಅಂಕಿಗಳನ್ನೂ ಒಂದೊಂದಾಗಿ ಓದಿ ತಾಳೆ ನೋಡಿ.

ಚಿಪ್ ಹೇಳುವುದು ಇದು ಯಾವ ನಾಯಿ ಎಂಬುದನ್ನು ಮಾತ್ರ, ಯಾರ ಮರಿ ಎಂಬುದನ್ನಲ್ಲ. ವಂಶದ ದಾಖಲೆ ಬಹುಪಾಲು ಸಾಕುವವರ ಮಾತಿನ ಮೇಲೆ ನಿಂತಿದೆ, ಮೋಸವಿಲ್ಲದೆಯೂ ತಪ್ಪಾಗುವುದು ಅಲ್ಲಿಯೇ. ಬೆದೆ ಸುಮಾರು ಮೂರು ವಾರ ಇರುತ್ತದೆ. ಮೊದಲ ವಾರದ ಗಾಢ ರಕ್ತ ತಿಳಿಯಾಗುತ್ತಿದ್ದಂತೆ "ಬೆದೆ ಮುಗಿಯಿತು" ಎಂದು ನಾಯಿಯನ್ನು ಬಿಚ್ಚಿ ಬಿಡುತ್ತಾರೆ. ಗಬ್ಬ ನಿಲ್ಲುವ ದಿನಗಳು ಶುರುವಾಗುವುದೇ ಸಾಮಾನ್ಯವಾಗಿ ಆಗ. ಒಳ್ಳೆಯ ಗಂಡಿನ ಹತ್ತಿರ ಕರೆದೊಯ್ದು ಬಂದ ಎರಡು ದಿನಕ್ಕೆ ಬೀದಿನಾಯಿಯೊಂದು ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟಬಹುದು. ಪೂರ್ತಿ ಮೂರು ವಾರ ಬಾಗಿಲು ಹಾಕಿದ ಜಾಗದಲ್ಲಿಡುವುದೊಂದೇ ದಾರಿ. ಸಂಘದವರು ಕೂಡಿಸಿದ ದಿನಾಂಕ ಬರೆದುಕೊಂಡು, ಸುಮಾರು 63 ದಿನಕ್ಕೆ ಈಯಿತೇ ನೋಡಿ, ಮರಿಗಳು ತಾಯಿಯ ಹಾಲು ಕುಡಿಯುತ್ತಿರುವಾಗಲೇ ಮನೆಗೆ ಹೋಗಿ ತಾಯಿಯ ಚಿಪ್ ಓದಿ, ಮರಿ ಎಣಿಸಿ ಬರಬೇಕು. ಸಂಶಯವಿದ್ದರೆ ಡಿಎನ್ಎ ಪರೀಕ್ಷೆ ಇದ್ದೇ ಇದೆ.

ಓಟದ ಸ್ಪರ್ಧೆಯ ಗೀಳಿಗೆ ಗ್ರೇಹೌಂಡ್ ಬೆರೆಸುವುದು ಇನ್ನೂ ದೊಡ್ಡ ಪೆಟ್ಟು. ಮೊದಲ ಪೀಳಿಗೆಯಲ್ಲಿ ಪಳಗಿದ ಕಣ್ಣಿಗೆ ಗುರುತು ಸಿಗುತ್ತದೆ. ಮುಧೋಳದ ಕಿವಿ ಚಪ್ಪಟೆಯಾಗಿ ತಲೆಗೆ ಅಂಟಿದಂತೆ ಇಳಿಬಿದ್ದಿರುತ್ತದೆ, ಗ್ರೇಹೌಂಡಿನದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬೆರಕೆಯಲ್ಲಿ ತೊಡೆಯ ಮಾಂಸಖಂಡವೂ ದಪ್ಪ. ಮತ್ತೆ ಮುಧೋಳಕ್ಕೇ ಕೂಡಿಸಿದ ಮುಂದಿನ ಪೀಳಿಗೆಯಲ್ಲಿ ಈ ಗುರುತು ಅಳಿಸಿಹೋಗುತ್ತದೆ, ರಕ್ತ ಮಾತ್ರ ಉಳಿಯುತ್ತದೆ. ಗೆದ್ದ ಒಂದೇ ಗಂಡುನಾಯಿಗೆ ಸುತ್ತಲಿನ ಊರವರೆಲ್ಲ ಸಾಲುಗಟ್ಟುವುದೂ ಒಳ್ಳೆಯದಲ್ಲ. ಎರಡು ಮೂರು ಪೀಳಿಗೆ ಕಳೆಯುವಷ್ಟರಲ್ಲಿ ಎಲ್ಲವೂ ಅಣ್ಣ ತಂಗಿಯರಾಗಿ, ಸೂಲಿನಲ್ಲಿ ಮರಿ ಕಡಿಮೆಯಾಗುತ್ತವೆ, ವೃಷಣ ಕೆಳಗಿಳಿಯದ ಗಂಡುಮರಿಗಳು ಹೆಚ್ಚುತ್ತವೆ. ಇನ್ನು ಓಟಕ್ಕೆ ಜೀವಂತ ಕಾಡುಮೊಲ ಬಿಡುವುದು, ಬೇಟೆಗೆ ಕರೆದೊಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಂಪ್ರದಾಯ ಎಂಬ ನೆಪ ನಡೆಯುವುದಿಲ್ಲ.

ಪ್ರದರ್ಶನದ ಮೈದಾನದಲ್ಲಿ ಪಾರ್ವೊ ಎಂಬ ವಾಂತಿಭೇದಿ ರೋಗದ ಭಯ ಯಾವಾಗಲೂ ಇದೆ. ಈ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನೈಲ್ ಸುರಿದರೆ ವಾಸನೆ ಬರುತ್ತದೆ ಹೊರತು ವೈರಾಣು ಸಾಯುವುದಿಲ್ಲ. ಕಟ್ಟೆ, ಪಂಜರ, ಬಟ್ಟಲುಗಳನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಡಬೇಕು. ಲಸಿಕೆಯ ಸುತ್ತು ಮುಗಿಯದ ಮರಿಗಳನ್ನು, ಅಂದರೆ ಸುಮಾರು 16 ವಾರದೊಳಗಿನವನ್ನು, ಮೈದಾನಕ್ಕೆ ತರಲೇಬಾರದು. ರೇಬಿಸ್ ಲಸಿಕೆಯನ್ನು ಪ್ರದರ್ಶನದ ಬೆಳಿಗ್ಗೆ ಗೇಟಿನ ಬಳಿ ಹಾಕಿಸಿ ಒಳಗೆ ಬಿಡುವುದೂ ಸರಿಯಲ್ಲ, ರೋಗನಿರೋಧಕ ಶಕ್ತಿ ಬರಲು ಮೂರು ನಾಲ್ಕು ವಾರ ಬೇಕು.

ಮಾಲೀಕರ ಹೊಣೆಯ ವಿಷಯದಲ್ಲೂ ಸಂಘಗಳು ಬಾಯಿ ಬಿಡಬೇಕು. ಮುಧೋಳ ನಾಯಿ ಓಡಲೆಂದೇ ಹುಟ್ಟಿದ್ದು, ಗೇಣುದ್ದದ ಸರಪಳಿಯಲ್ಲಿ ದಿನವಿಡೀ ಕಟ್ಟಿದರೆ ಅದರ ಸ್ವಭಾವವೇ ಕೆಡುತ್ತದೆ. ಹಾಗೆ ಕಟ್ಟುವುದು, ವ್ಯಾಯಾಮ ಕೊಡದಿರುವುದು 1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹಿಂಸೆಯೇ. ಮೊದಲ ಅಪರಾಧಕ್ಕೆ ದಂಡ ಇಂದಿಗೂ 10ರಿಂದ 50 ರೂಪಾಯಿ! ಇದು ಬದಲಾಗಲೇಬೇಕು. ಇನ್ನೊಂದೆಡೆ, ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, ₹5,000ವರೆಗೆ ದಂಡ, ಅಥವಾ ಎರಡೂ ಆಗಬಹುದು.

2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಹೊರಡಿಸಿದಾಗ, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಲಾಗಿದೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರೆಂದರೆ ತಳಿ ಸಂಘಗಳೂ ಹೌದು. ಸರ್ಕಾರ ಮತ್ತೆ ಕೇಳಲು ಬಂದಾಗ ಎಷ್ಟು ನಾಯಿಗಳಿಗೆ ಚಿಪ್ ಇದೆ, ಎಷ್ಟು ಮರಿಗಳು ಯಾರ ಕೈಗೆ ಹೋದವು, ಕಚ್ಚಿದ ಪ್ರಕರಣಗಳೆಷ್ಟು ಎಂಬ ಪುಸ್ತಕ ನಮ್ಮ ಕೈಯಲ್ಲಿ ಇರದಿದ್ದರೆ ಏನು ಹೇಳುವುದು?

ಪಶುಸಂಗೋಪನಾ ಇಲಾಖೆಗೆ ಎರಡು ಮನವಿಗಳಿವೆ. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಒಂದು ಚಿಪ್ ಸ್ಕ್ಯಾನರ್ ಇಡಿ. ಸಾಕುವವರ ನೋಂದಣಿ ಅರ್ಜಿಯನ್ನು ಅಲ್ಲಿಯೇ, ಕನ್ನಡ ನಮೂನೆಯಲ್ಲಿ ತೆಗೆದುಕೊಂಡು ಮಂಡಳಿಗೆ ಕಳುಹಿಸುವ ಏರ್ಪಾಡು ಮಾಡಿ. ಶ್ವಾನ ಪ್ರದರ್ಶನಕ್ಕೆ ಮೈದಾನ ಕೊಡುವ ಸ್ಥಳೀಯ ಸಂಸ್ಥೆಗಳು ಚಿಪ್ ಸಂಖ್ಯೆ ಮತ್ತು ರೇಬಿಸ್ ಲಸಿಕೆ ಪತ್ರ ಇಲ್ಲದ ನಾಯಿಗೆ ಪ್ರವೇಶವಿಲ್ಲ ಎಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಲಿ.

– ಮುಧೋಳ ತಳಿಯ ಹಿತೈಷಿ, ಬಾಗಲಕೋಟೆ ಜಿಲ್ಲೆ